ಸಾಲಿಹಾಳ ಸೈಕಲಿಗೆ ಹಾಕಿದ ಗ್ರೀಸ್

ಪರದೇಶದ ದಮಾಮ್‌ನಲ್ಲಿ ಇಪ್ಪತ್ತೆರಡು ವರ್ಷ ಡೆಲಿವರಿ ಬೈಕುಗಳನ್ನು ರಿಪೇರಿ ಮಾಡಿದ ಹನೀಫಾ ತನ್ನೂರು ಕನ್ಯಾನಕ್ಕೆ ವಾಪಸಾಗಿ ಎಂಟು ತಿಂಗಳಾಗಿತ್ತು. ಅಷ್ಟರಲ್ಲಿ ಅವನಿಗೆ ಚೆನ್ನಾಗಿ ಅರ್ಥವಾದದ್ದು ಒಂದೇ ಸಂಗತಿ: ಅವನಿಲ್ಲದೆ ಮನೆ ಸುಸೂತ್ರವಾಗಿ ನಡೆದಿತ್ತು. ಗ್ಯಾಸ್ ಬುಕ್ ಮಾಡುವುದರಿಂದ ಹಿಡಿದು ನೆಂಟರ ಮದುವೆಗೆ ಹೋಗಿಬರುವವರೆಗೆ ಎಲ್ಲವೂ ಹೆಂಡತಿ ಸಾಲಿಹಾಳದ್ದೇ. ಅವನು ಕೈ ಹಾಕಲು ಹೋದರೆ, "ನೀವು ಕೂತ್ಕೊಳ್ಳಿ" ಎನ್ನುತ್ತಿದ್ದಳು. ಮನೆಗೆ ಬಂದ ನೆಂಟನಿಗೆ ಹೇಳುವ ಮಾತು ಅದು. ಹನೀಫಾನಿಗೆ ನೋಯುತ್ತಿತ್ತು.

ಹಾಗಾಗಿ, ಗುಡ್ಡದ ಮೇಲಿನ ಸಭಾಭವನದಲ್ಲಿ ಹೊಲಿಗೆ ಕಲಿಸಲು ಒಪ್ಪಿಕೊಂಡ ಸಾಲಿಹಾ ಮಂಡಿನೋವಿನಲ್ಲಿ ಆ ಏರು ಹತ್ತುವುದು ಹೇಗೆ ಎಂದು ಚಿಂತಿಸಿದಾಗ ಅವನಿಗೆ ಒಳಗೊಳಗೇ ಖುಷಿಯಾಯಿತು. ಪುಟ್ಟ ಇಂಜಿನ್ ತರಿಸಿ ಅವಳ ಸೈಕಲಿಗೆ ಕೂರಿಸಿದ. ಮೊದಲ ಕ್ಲಾಸಿನ ಹಿಂದಿನ ದಿನ ಇಂಜಿನ್ನಿನ ಕವರ್ ಬಿಚ್ಚಿ, ಗೇರಿಗೂ ಪಕ್ಕದ ಕ್ಲಚ್ಚಿಗೂ ಗ್ರೀಸ್ ಮೆತ್ತಿದ. ಮದುವೆ ಮನೆಯಲ್ಲಿ ತುಪ್ಪ ಬಡಿಸುವವನೂ ಅಷ್ಟು ಧಾರಾಳಿಯಾಗಿರಲಾರ.

ಮರುದಿನ ಏರಿನ ಬುಡದಲ್ಲಿ ಇಂಜಿನ್ ಊರಿಗೇ ಕೇಳುವಂತೆ ಅರಚಿತು. ಸೈಕಲ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಸಾಲಿಹಾ ಅದನ್ನು ತಳ್ಳಿಕೊಂಡೇ ಹತ್ತಿ, ಸಂಜೆ ಕುಂಟುತ್ತಾ ಮನೆಗೆ ಬಂದಳು.

"ಇನ್ನೊಮ್ಮೆ ಹೀಗಾದರೆ ಕ್ಲಾಸ್ ಬಿಟ್ಟುಬಿಡ್ತೇನೆ" ಎಂದಳು.

"ಇಂಜಿನ್ನೇ ಸರಿ ಇಲ್ಲ ಮಾರಾಯ್ತಿ."

"ನಿನ್ನೆ ಗ್ರೀಸ್ ಮೆತ್ತುತ್ತಿದ್ದಿರಲ್ಲ, ಕ್ಲಚ್ಚಿಗೂ ಹಾಕಿದ್ದೀರಾ?"

"ಹಾಕದೆ? ಬೈಕಿನ ಕ್ಲಚ್ ಎಣ್ಣೆಯಲ್ಲೇ ಮುಳುಗಿರ್ತದೆ. ನನಗೆ ಹೇಳಿಕೊಡ್ತೀಯಾ ನೀನು?"

"ಇದು ಬೈಕ್ ಅಲ್ಲವಲ್ಲ. ನಾನು ಹೊಲಿಗೆ ಮೆಷಿನಿಗೆ ಎಣ್ಣೆ ಬಿಡ್ತೇನೆ, ಅದರ ಬೆಲ್ಟಿಗೆ ಬಿಡುವುದಿಲ್ಲ. ಬಿಟ್ಟರೆ ಎಷ್ಟು ತುಳಿದರೂ ಸೂಜಿ ಏಳುವುದಿಲ್ಲ."

ಹನೀಫಾನಿಗೆ ಸಿಟ್ಟು ನೆತ್ತಿಗೇರಿತು. ಕವರ್ ಬಿಚ್ಚಿದ. ಚಕ್ರ ತಿರುಗಲು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳಬೇಕಾದ ಕ್ಲಚ್ಚಿನ ತುಂಡುಗಳು ಗ್ರೀಸಿನಲ್ಲಿ ಮಿಂದು ಹೊಳೆಯುತ್ತಿದ್ದವು. ಎಲ್ಲಿಗೆ ಹಾಕಬಾರದು ಎಂದು ಅವನು ಯೋಚಿಸಿಯೇ ಇರಲಿಲ್ಲ. ತಾನೂ ಏನಾದರೂ ಮಾಡಬೇಕೆಂಬ ಆತುರವೊಂದೇ ಇತ್ತು. ನಾಚಿಕೆಯಾಯಿತು.

"ನೀನು ಹೇಳಿದ್ದೇ ಸರಿ" ಎಂದ.

ಸಾಲಿಹಾ ಬಟ್ಟೆಯ ಚೂರುಗಳನ್ನು ತಂದುಕೊಟ್ಟಳು. ಅವನು ಕ್ಲಚ್ಚಿನ ತುಂಡುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಒಣಗಿಸಿ, ಹಗುರವಾಗಿ ಉಪ್ಪುಕಾಗದದಿಂದ ಉಜ್ಜಿದ. ಗೇರಿನ ಹಲ್ಲುಗಳಿಗೆ ಮಾತ್ರ ಬಟಾಣಿಯಷ್ಟು ಗ್ರೀಸ್ ಸವರಿದ.

ಮುಂದಿನ ಕ್ಲಾಸಿನ ದಿನ ಅವನೂ ಏರಿನ ಬುಡದವರೆಗೆ ಹೋದ. ಸಾಲಿಹಾ ಪೆಡಲ್ ತುಳಿದು ಕ್ಲಚ್ ಬಿಟ್ಟಳು. ಸೈಕಲ್ ಒಮ್ಮೆ ಜಗ್ಗಿ, ಏರು ಹತ್ತತೊಡಗಿತು. ಹತ್ತು ಮಾರು ಹೋದವಳು ತಿರುಗಿ ನೋಡದೆಯೇ ಕೂಗಿದಳು: "ಇವತ್ತು ನಾನು ಬರುವಾಗ ಕತ್ತಲಾಗ್ತದೆ. ಅನ್ನಕ್ಕೆ ಇಡಿ! ಮೀನು ಫ್ರಿಜ್ಜಲ್ಲಿ ಉಂಟು, ಅದನ್ನೂ ನೋಡಿಕೊಳ್ಳಿ!"

ಎಂಟು ತಿಂಗಳಲ್ಲಿ ಅವಳು ಅವನಿಗೆ ಹೇಳಿದ ಮೊದಲ ಕೆಲಸ ಅದು. "ಆಯ್ತು!" ಎಂದ ಹನೀಫಾ. ಇಂಜಿನ್ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಗಟ್ಟಿಯಾಗಿ ಕೂಗಿದ.

ಬೇಗಬೇಗ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತ. ಅಕ್ಕಿ ಎಲ್ಲಿಡುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ. ಒಂದೊಂದೇ ಡಬ್ಬದ ಮುಚ್ಚಳ ತೆಗೆದು ನೋಡುತ್ತಾ ಹೋದ.