ಹಗುರವಾದ ಹೆಡ್‌ಸೆಟ್

ಬಾಚಣಿಗೆ ಒದ್ದೆ ಮಾಡಿಕೊಂಡು ಮಗಳು ಮೂರನೇ ಸಲ ಅಪ್ಪನ ತಲೆ ಬಾಚಿದಳು. ಒಂದು ಕಿವಿಯಿಂದ ಇನ್ನೊಂದಕ್ಕೆ ಓಡಿದ್ದ ಗೀರು ಮುಚ್ಚಲಿಲ್ಲ. ಹೆಡ್‌ಸೆಟ್ಟಿನ ಪಟ್ಟಿ ಕೂತು ಕೂತು ಅಲ್ಲಿ ಕೂದಲೇ ಉಳಿದಿರಲಿಲ್ಲ.

“ಬಿಡಮ್ಮ, ಅದಿಲ್ದೇ ಇದ್ರೆ ಭಾವನ ಗುರುತೇ ಸಿಗಲ್ಲ,” ಎಂದರು ಸೋದರಮಾವ. 

ಅಪ್ಪ ವಿಮಾನ ಕಂಪನಿಯೊಂದರಲ್ಲಿ ಪೈಲಟ್‌ಗಳ ಹೆಡ್‌ಸೆಟ್ ರಿಪೇರಿ ಮಾಡುತ್ತಿದ್ದರು. ಹೊಸದು ಕೊಳ್ಳುವಾಗ ಯಾವುದು ಆಗಬಹುದೆಂದು ಆರಿಸುವವರೂ ಅವರೇ. ಅದಕ್ಕೆ ಅವರದೇ ಒಂದು ಪದ್ಧತಿ: ಮನೆಗೆ ತಂದು, ತಂತಿಯನ್ನು ಯಾವುದಕ್ಕೂ ಜೋಡಿಸದೆ, ಎಂಟು ಗಂಟೆ ಹಾಕಿಕೊಂಡು ಕೂರುವುದು. ಎಲ್ಲಿ ಒತ್ತುತ್ತದೆ, ಯಾವಾಗ ತಲೆ ನೋಯುತ್ತದೆ, ಬರೆದಿಡುವುದು. ಸದ್ದು ತೂರದ ದಪ್ಪ ಮೆತ್ತೆಗಳವು. ಅವರ ಬೆನ್ನ ಹಿಂದೆಯೇ ಅವರನ್ನು ಬೈದು, ಆಡಿಕೊಂಡು ನಗುವುದು ಮನೆಯವರಿಗೆ ರೂಢಿಯಾಗಿತ್ತು.

“ಮಾವ, ಭಾನುವಾರ ನಾನಂದಿದ್ದು ಅವರಿಗೆ ಕೇಳ್ಸಿಲ್ಲ ಅಲ್ವಾ?”

“ಹುಚ್ಚಿ. ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳ್ತಿರ್ಲಿಲ್ಲ ಭಾವಂಗೆ.”

*

ಭಾನುವಾರ ಅಪ್ಪನನ್ನು ನೋಡಲು ಬಂದಿದ್ದ ಅವಳು ಇಲ್ಲಿಯ ಅಡುಗೆಮನೆಯಲ್ಲಿ ನಿಂತು ಮಾವನಿಗೆ ಫೋನ್ ಮಾಡಿದ್ದಳು. ಅಪ್ಪನಿಗೆ ಮುಂದಿನ ತಿಂಗಳು ನಿವೃತ್ತಿ. ಅಮ್ಮ ಹೋಗಿ ಎರಡು ವರ್ಷ. ಅಪ್ಪ ಹೊಸ ಹೆಡ್‌ಸೆಟ್ ಹಾಕಿಕೊಂಡು, ಇವಳಿಗೆ ಬೆನ್ನು ಮಾಡಿ, ಕಿಟಕಿಯ ಬಳಿ ಕೂತಿದ್ದರು.

“ನನ್ನ ಮನೇಲಿ ಇಟ್ಕೊಳ್ಳೋಕಾಗಲ್ಲ ಮಾವ. ಅಮ್ಮ ಜೀವನಪೂರ್ತಿ ಗೋಡೆ ಜೊತೆ ಮಾತಾಡಿದ್ಳು. ಆ ಹಣೆಬರಹ ನಂಗೆ ಬೇಡ.”

ಅಪ್ಪ ತಿರುಗಿರಲಿಲ್ಲ. ಹೊರಡುವಾಗ, “ಹುಷಾರಾಗಿ ಹೋಗು” ಎಂದಿದ್ದರು, ಎಂದಿನಂತೆ. ಬುಧವಾರ ಕೆಲಸದ ಮೇಜಿನ ಮೇಲೆ ತಲೆಯಿಟ್ಟವರು ಮತ್ತೆ ಏಳಲಿಲ್ಲ.

*

ಸಮವಸ್ತ್ರದಲ್ಲೇ ಬಂದ ಮಹಿಳಾ ಕ್ಯಾಪ್ಟನ್ ಕೈಮುಗಿದು, ಕಿಟಕಿಯ ಬಳಿಯ ಮೇಜಿನ ಮೇಲಿದ್ದ ತೆಳು ಪಟ್ಟಿಯ ಹೆಡ್‌ಸೆಟ್ ಎತ್ತಿಕೊಂಡರು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ ಅಪ್ಪನ ಅಕ್ಷರ: ‘ಭಾನುವಾರ, ಎಂಟು ಗಂಟೆ. ಇದೇ ಇರಲಿ.’

“ನಮ್ಮ ಕಿವಿ ಮೇಷ್ಟ್ರು ಇದನ್ನೇ ಆರಿಸಿದ್ರಾ! ಹಳೇದು ಹಾಕಿದ್ರೆ ತಲೆ ಮೇಲೆ ರುಬ್ಬುಗುಂಡು ಇಟ್ಟ ಹಾಗಿರೋದು.”

“ಇದ್ರಲ್ಲೂ ಹೊರಗಿನದು ಏನೂ ಕೇಳಲ್ಲ ಅಲ್ವಾ ಮೇಡಂ?” ಮಗಳು ಕೇಳಿದಳು.

“ಅಯ್ಯೋ, ಕೇಳ್ಬೇಕಲ್ಲ! ಹೊಸ ವಿಮಾನದಲ್ಲಿ ಅಷ್ಟು ಸದ್ದಿಲ್ಲ. ಪಕ್ಕದಲ್ಲಿ ಕೂತವರ ಮಾತು ಹಾಗೇ ಕಿವಿಗೆ ಬೀಳ್ಬೇಕು ಅಂತಾನೇ ಇದು.”

ಮಾವ ನೆಲ ನೋಡಿದರು. ಕ್ಯಾಪ್ಟನ್ ಹೆಡ್‌ಸೆಟ್ಟನ್ನು ಮತ್ತೆ ಮೇಜಿನ ಮೇಲಿಟ್ಟು ಹೊರಗೆ ಹೋದರು. 

ಮಗಳು ಅಪ್ಪನ ಕುರ್ಚಿಯಲ್ಲಿ ಕೂತು ಅದನ್ನು ಹಾಕಿಕೊಂಡಳು. ತಲೆಯ ಮೇಲೆ ಏನೋ ಇದೆಯೆಂದೇ ಅನ್ನಿಸಲಿಲ್ಲ.

“ಅಡುಗೆಮನೆಗೆ ಹೋಗಿ ಏನಾದ್ರೂ ಮಾತಾಡಿ ಮಾವ. ಫೋನಲ್ಲಿ ಮಾತಾಡೋ ಹಾಗೆ.”

“ಈಗ್ಯಾಕಮ್ಮ? ಗಾಡಿ ಬರೋ ಹೊತ್ತು.”

“ಹೋಗಿ ಮಾವ.”

ಹೋದರು. ನಲ್ಲಿಯಿಂದ ಹನಿ ಬೀಳುವುದು ಕೇಳಿಸಿತು. ಆಮೇಲೆ ಮಾವನ ತಗ್ಗಿದ ದನಿ: “ಮಗೂಗೆ ಏನೂ ಕೇಳ್ಸದೇ ಇರ್ಲಪ್ಪ ದೇವ್ರೇ.”

ಹೆಜ್ಜೆಗಳು ಬಾಗಿಲವರೆಗೂ ಬಂದು ನಿಂತವು.

“ಕೇಳಿಸ್ತೇನಮ್ಮಾ?”

ಅವಳು ತಿರುಗಲಿಲ್ಲ. ಕಿಟಕಿಯಾಚೆ ನೋಡುತ್ತ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಹಾಗೇ ಕೂತಿದ್ದಳು.