ಉಚ್ಚಂಗೆಮ್ಮನ ಬಾಯಿ

"ಗಲ್ಲದ ಬಟ್ಟಿ ಇನ್ನೊಂದೀಟು ಬಿಗಿ ಮಾಡಲೇ, ಬಾಯಿ ತೆರೀತೈತಿ," ಎಂದ ದುರುಗಪ್ಪ.

ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕನ ಹೆಗಲನ್ನು ಅವನು ಎರಡೂ ಕೈಯಿಂದ ಹಿಡಿದಿದ್ದ. ಪಕ್ಕದವನು ಗಲ್ಲದಡಿಯಿಂದ ನೆತ್ತಿಗೆ ಸುತ್ತಿದ ಬಿಳಿ ಪಟ್ಟಿಯನ್ನು ಎಳೆದು ಗಂಟು ಹಾಕಿದ. ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಮಾರುತ್ತ, ಹರಪನಹಳ್ಳಿ ಬಸ್ಸಿನ ಕಂಡಕ್ಟರನನ್ನೂ ತಾಲ್ಲೂಕು ಕಚೇರಿಯ ಸಾಹೇಬರನ್ನೂ ಒಂದೇ ಸಮ ಮಾತಿನಲ್ಲಿ ಹಣಿಯುತ್ತಿದ್ದ ಉಚ್ಚಂಗೆಮ್ಮನ ಬಾಯಿ ಕಡೆಗೂ ಮುಚ್ಚಿತು. ಅದಕ್ಕೆ ಸಾವೇ ಬರಬೇಕಾಯಿತು, ಮೇಲೊಂದು ಪಟ್ಟಿಯೂ ಬೇಕಾಯಿತು.

ಫೋಟೋದವನು ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ. ಸತ್ತವರನ್ನು ಕೂರಿಸಿ, ಸುತ್ತ ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆಸುವುದು ಅಲ್ಲಿಯ ವಾಡಿಕೆ. ಮಗಳು ಅಂಜಿನಕ್ಕ ಅಡ್ಡ ಬಂದಳು.

"ಬ್ಯಾಡ. ಬಾಯಿ ಕಟ್ಟಿದ ಅವ್ವನ್ನ ನಾ ಗ್ವಾಡಿಗೆ ಹಾಕಾಕಿಲ್ಲ."

"ಬ್ಯಾರೆ ಫೋಟಾ ಎಲ್ಲೈತೆವ್ವಾ?" ಎಂದ ದುರುಗಪ್ಪ. "ಜೀವ ಇದ್ದಾಗ ಸ್ಟುಡಿಯೋಕ್ಕ ಕರದ್ರ, ಮಾತಾಡದಂಗ ಕುಂದ್ರಾಕ ನಾನೇನು ಹೆಣ ಏನು ಅಂದ್ಲು."

"ಈಗ ಹೆಣ ಆಗ್ಯಾಳ ಅಂತ ತಗಸ್ತೀಯೇನು ಮಾವಾ?" ತೊಟ್ಟಿಲಲ್ಲಿದ್ದ ಕೂಸಿನ ಕಡೆ ಕೈ ತೋರಿಸುವಾಗ ಅವಳ ದನಿ ಒಡೆಯಿತು. "ನಾಳಿ ನನ್ನ ಮಗಳು ಅಜ್ಜಿ ಹೆಂಗಿದ್ಲು ಅಂದ್ರ ಇದನ್ನ ತೋರಿಸ್ಲಾ? ವಹಾಬಣ್ಣ ಬರ್ಲಿ ತಡಿ. ಅವರ ಹತ್ರ ಅವ್ವನ ಚಿತ್ರ ಅದಾವ."

"ಲಗೂನ ಬರ್ಲಿ. ಹೊತ್ತು ಮುಣುಗೋದ್ರಾಗ ಎತ್ತಬೇಕು."

*

ಬೋರ್ಡ್ ಬರೆಯುವ ಅಬ್ದುಲ್ ವಹಾಬರ ತಗಡಿನ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಜನ ಸೇರುವುದು ಎಪ್ಪತ್ತಾರರಲ್ಲಿ ಶುರುವಾಗಿತ್ತು. ಪ್ರೈಮರಿ ಶಾಲೆಯ ಜಂಬಣ್ಣ ಮೇಷ್ಟ್ರು, ಲೈನ್‌ಮನ್ ಹುಲುಗಣ್ಣ, ಒಬ್ಬ ದರ್ಜಿ, ಇಂಥವರು. ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮುಖ ಬರೆಯುವುದನ್ನು ವಹಾಬರು ಕಲಿಸುತ್ತಿದ್ದರು. ಮೊದಲು ಕೂತ ಬಸ್ ಸ್ಟ್ಯಾಂಡಿನ ಕಾವಲುಗಾರ ಕೂತ ಗಳಿಗೆಗೇ ಗೊರಕೆ ಹೊಡೆದ. ಆಮೇಲೆ ಅವರು ಉಚ್ಚಂಗೆಮ್ಮನನ್ನು ಕೇಳಿದರು.

ಅವಳು ತಲೆಗೆ ನೀರೆರೆದುಕೊಂಡು, ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಮದುವೆಗೆ ಹೊರಟವಳಂತೆ ಬಂದಳು.

"ಎಲ್ಲರೂ ನಿನ್ನ ಮಾರಿನೇ ನೋಡ್ತಾರವ್ವಾ, ನಾಚಿಕಿ ಮಾಡ್ಕೋಬ್ಯಾಡ," ಎಂದರು ವಹಾಬರು.

"ನೋಡ್ಲಿ ಬಿಡ್ರಿ ಸಾಬ್ರ. ಇಷ್ಟು ವರ್ಷ ಬಸ್ ಸ್ಟ್ಯಾಂಡಿನಾಗ ಕುಂತೀನಿ, ಎಲ್ಲರೂ ಮಿರ್ಚಿ ನೋಡಿದ್ರು. ನನ್ನ ಮಾರಿ ಯಾರು ನೋಡ್ಯಾರ?"

ವಹಾಬರು ಸ್ಟೂಲನ್ನು ಬೆಳಕಿಗೆ ಎಳೆದಿಟ್ಟರು. ಅವತ್ತಿನಿಂದ ಭಾನುವಾರದ ಸ್ಟೂಲು ಅವಳದೇ ಆಯಿತು.

ಅವಳು ಕೂರುವುದೆಂದರೆ ಕೂರುವುದು. ಮೂಗಿನ ಮೇಲೆ ನೊಣ ಕೂತರೂ ಕತ್ತು ಅಲುಗುತ್ತಿರಲಿಲ್ಲ. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಕೂತಲ್ಲೇ ಹುಲುಗಣ್ಣನಿಗೆ ಹೆಣ್ಣು ಗೊತ್ತು ಮಾಡಿದಳು, ದರ್ಜಿಗೆ ಕುಡಿತ ಬಿಡಿಸಿದಳು. ಹಾಗಾಗಿ ಯಾರ ಹಾಳೆಯಲ್ಲೂ ಅವಳ ಬಾಯಿ ಸರಿಬರಲಿಲ್ಲ. ಕೊನೆಗೆ ಎದ್ದು ಬಂದು ಒಂದೊಂದನ್ನೇ ನೋಡುವಳು.

"ಏನ್ ಮೇಷ್ಟ್ರ, ಇದು ಬಾಯೋ, ಅಂಚಿ ಡಬ್ಬಿನೋ? ಅಳಸ್ರಿ."

ಜಂಬಣ್ಣ ಅಳಿಸುವರು. ನಗುತ್ತಾ ವಹಾಬರೂ ಅಳಿಸುವರು.

ಹೆಂಡತಿ ಶರ್ಫುನ್ನೀಸಾ ತೀರಿಕೊಂಡಾಗ ವಹಾಬರು ಬ್ರಶ್ಶು ಮುಟ್ಟುವುದನ್ನೇ ಬಿಟ್ಟು ಶೆಡ್ಡಿಗೆ ಬೀಗ ಹಾಕಿದರು. ಸಮಾಧಾನ ಹೇಳಲು ಬಂದವರು ಹೇಳಿ ಹೋದರು. ಉಚ್ಚಂಗೆಮ್ಮ ಒಂದು ಭಾನುವಾರ ಇಳಕಲ್ ಸೀರೆಯುಟ್ಟು ಬಂದು ಬೀಗದ ಮುಂದೆ ಕಲ್ಲಿನ ಮೇಲೆ ಕೂತಳು. ಬಿಸಿಲೇರಿದರೂ ಏಳಲಿಲ್ಲ. ಸುದ್ದಿ ತಿಳಿದು ವಹಾಬರೇ ಬರಬೇಕಾಯಿತು.

"ಸಿಂಗಾರ ಮಾಡ್ಕೊಂಡು ಬಂದೀನಿ ಸಾಬ್ರ, ಸುಮ್ನ ಹೋಗ್ಲಾ? ಕಣ್ಣೀರು ಬಂದ್ರ ಬರ್ಲಿ, ಕೈಗೇನಾಗೇತಿ? ಬರೀರಿ."

ವಹಾಬರು ಬೀಗ ತೆಗೆದರು. ಅತ್ತುಕೊಂಡೇ ಬರೆದರು.

*

ಹಾಳೆಗಳ ಸುರುಳಿ ಹಿಡಿದು ವಹಾಬರು ಜಂಬಣ್ಣನ ಜೊತೆ ಬಂದಾಗ ಬಿಸಿಲು ಇಳಿದಿತ್ತು. ಅಂಜಿನಕ್ಕ ಆಸೆಯಿಂದ ಸುರುಳಿ ಬಿಚ್ಚಿದಳು. ಹಣೆ, ಮೂಗಿನ ಬೊಟ್ಟು, ಎದುರಿನವರನ್ನು ಅಳೆಯುವ ಕಣ್ಣು. ಹೌದು, ಅವ್ವನೇ. ಕೆಳಗೆ ಬಾಯಿಯಿರಬೇಕಾದಲ್ಲಿ ಅಳಿಸಿ ಅಳಿಸಿ ಹಾಳೆ ಸವೆದುಹೋಗಿತ್ತು. ಇನ್ನೊಂದು ಬಿಡಿಸಿದಳು. ಅದೂ ಹಾಗೆಯೇ.

"ಬರೋ ಭಾನುವಾರ ಬರದ್ರಾತು ಅಂದ್ಕೊಂತ ಬಂದ್ವಿ," ಎಂದು ಜಂಬಣ್ಣ ತಲೆ ತಗ್ಗಿಸಿದರು.

"ಈಗ ಸುಮ್ನ ಕುಂತಾಳಲ್ಲ. ಪಟ್ಟಿ ಬಿಚ್ತೀನಿ, ನೋಡ್ಕೊಂಡು ಬರದ್ಬಿಡ್ರಿ ಸಾಬ್ರ," ಎಂದ ದುರುಗಪ್ಪ.

ವಹಾಬರು ಪೆನ್ಸಿಲ್ ಹಿಡಿದು ಉಚ್ಚಂಗೆಮ್ಮನ ಎದುರು ಕೂತರು. ಬಹಳ ಹೊತ್ತು ನೋಡಿದರು. ಒಂದು ಗೆರೆಯೂ ಮೂಡಲಿಲ್ಲ.

"ಆಗಲ್ಲಪ್ಪಾ," ಎಂದರು. "ಈ ಬಾಯಿ ನನಗ ಗುರ್ತಿಲ್ಲ."

ಹೊರಗೆ ಹಲಗೆಯವರು ವಾದ್ಯ ಬಡಿಯತೊಡಗಿದರು. ಹೊರುವವರು ಎದ್ದು ನಿಂತರು. ಅವ್ವ ಇನ್ನು ಮುಖವೂ ಉಳಿಯದಂತೆ ಹೋಗುತ್ತಾಳೆಂದು ಅಂಜಿನಕ್ಕನಿಗೆ ಆಗಲೇ ಖಾತ್ರಿಯಾದದ್ದು. ಬೆಳಗಿನಿಂದ ತಡೆದುಕೊಂಡಿದ್ದ ದುಃಖವೆಲ್ಲ ಸಿಟ್ಟಾಯಿತು.

"ಆಗಲ್ಲ ಅಂದ್ರೇನ್ರಿ ವಹಾಬಣ್ಣ? ನನ್ನ ಬಾಣಂತನ ಬಿಟ್ಟು ಬಂದು ನಿಮ್ಮ ಮುಂದ ಕುಂತ್ಲಲ್ರಿ ನಮ್ಮವ್ವ! ಇಷ್ಟು ಮಂದಿ ಗಂಡಸರು ಸೇರಿ ಒಬ್ಬ ಹೆಂಗಸಿನ ಬಾಯಿ ಬರಿಯಾಕ ಆಗ್ಲಿಲ್ಲ? ಊರ ತುಂಬ ಬೋರ್ಡ್ ಬರೀತಾರಂತ, ಬೋರ್ಡು!"

ಜಂಬಣ್ಣ ಬೆಚ್ಚಿ ತಲೆಯೆತ್ತಿದರು. ಮಾತು ಹೊರಡುವ ಮುಂಚೆ ಅಂಜಿನಕ್ಕನ ಕೆಳದುಟಿ ಎಡಕ್ಕೆ ಒಂಚೂರು ಸರಿಯುತ್ತಿತ್ತು. ಬೈದು ಮುಗಿಸುವಾಗ ತುದಿಯಲ್ಲಿ ನಗು ಬಂದಂತಾಗಿ ಅಲ್ಲೇ ನಿಲ್ಲುತ್ತಿತ್ತು. ಭಾನುವಾರಗಳಲ್ಲಿ ಅವರು ಹಿಡಿಯಲಾರದೆ ಸೋತಿದ್ದ ಬಾಯಿ ಅದೇ.

ವಹಾಬರು ಆಗಲೇ ಇತ್ತ ತಿರುಗಿ ಕೂತಿದ್ದರು. ಹಾಳೆ ಮೊಣಕಾಲ ಮೇಲಿತ್ತು, ಪೆನ್ಸಿಲ್ ಓಡುತ್ತಿತ್ತು.

"ಬೈಯವ್ವಾ," ಎಂದರು, ಅವಳ ಮುಖದಿಂದ ಕಣ್ಣು ಕೀಳದೆ. "ನಿಲ್ಲಿಸಬ್ಯಾಡ. ಇನ್ನೊಂದೀಟು ಬೈಯಿ."

ಅಂಜಿನಕ್ಕ ಒಮ್ಮೆ ಹಾಳೆಯ ಕಡೆ ನೋಡಿದಳು. ಆಮೇಲೆ ಕಣ್ಣೊರೆಸಿಕೊಳ್ಳದೆ, ಅವರ ಕನ್ನಡಕ, ಅವರ ಗಡ್ಡ, ಶೆಡ್ಡಿನ ತೂತು ತಗಡು, ಮೇಷ್ಟ್ರ ಮೊಂಡು ಪೆನ್ಸಿಲ್, ಒಂದನ್ನೂ ಬಿಡದೆ ಬೈಯತೊಡಗಿದಳು. ದುರುಗಪ್ಪ ಬಾಗಿಲಿಗೆ ಹೋಗಿ ಕೈ ಎತ್ತಿದ. ಹಲಗೆ ನಿಂತಿತು. ಹೊರಲು ಎದ್ದವರು ಚಪ್ಪಲಿ ಬಿಟ್ಟು ಮತ್ತೆ ಕಟ್ಟೆಯ ಮೇಲೆ ಕೂತರು.