ನಂದೀಶನ ಊಟದ ಡಬ್ಬಿ

ನಾನೊಂದು ಸ್ಟೀಲ್ ಊಟದ ಡಬ್ಬಿ. ಎಲ್ಲೋ ದೂರದ ಕಾರ್ಖಾನೆಯಲ್ಲಿ ಒಂದು ತಗಡನ್ನು ಅಚ್ಚಿಗಿಟ್ಟು ಗುದ್ದಿದರು, ನಾನಾದೆ. ಆದರೆ ಅದನ್ನು ನಾನು ಹುಟ್ಟು ಅನ್ನುವುದಿಲ್ಲ. ಅರಸೀಕೆರೆಯ ಪಾತ್ರೆ ಅಂಗಡಿಯಲ್ಲಿ ಹೆಸರು ಹಾಕುವವನು ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಕಿರ್ರೆನ್ನುವ ಮೆಷಿನ್ನಿನಿಂದ ಮುಚ್ಚಳದ ಮೇಲೆ 'ಚಿ. ನಂದೀಶ' ಎಂದು ಕೊರೆದನಲ್ಲ, ನಾನು ಹುಟ್ಟಿದ್ದು ಆಗ. ಹೆಸರಿಲ್ಲದ ಪಾತ್ರೆ ಮದುವೆ ಮನೆಗೆ ಹೋದರೆ ಹೋದ ಹಾಗೇ. ಹೆಸರಿದ್ದರೆ ಎಲ್ಲಿಗೆ ಹೋದರೂ ತನ್ನವರ ಹತ್ತಿರ ವಾಪಸ್ ಬರುತ್ತದೆ. ಆ ಹೆಸರಿನವರೇ ವಾಪಸ್ ಬಾರದಿದ್ದರೆ ಪಾತ್ರೆ ಏನು ಮಾಡಬೇಕು ಎಂದು ಮಾತ್ರ ಅವನು ಹೇಳಿಕೊಡಲಿಲ್ಲ.

ನಂದೀಶ ಆಗ ಒಂದನೇ ಕ್ಲಾಸು. ಮನೆ ರೈಲ್ವೆ ಕ್ವಾರ್ಟರ್ಸಿನಲ್ಲಿ. ಊಟ ಕಂಡರೆ ಮೂತಿ ತಿರುಗಿಸುವ ಮಹಾರಾಯ ಅವನು. ಅವನಮ್ಮ ಸುಕನ್ಯಳೂ ಕಡಿಮೆಯವಳಲ್ಲ. ದೋಸೆಯ ಮೇಲೆ ಬಟ್ಟಲು ಕವುಚಿ ಒತ್ತಿದಳೆಂದರೆ ಗುಂಡು ಮುಖ. ಎರಡು ಮೆಣಸಿನ ಕಾಳು ಕಣ್ಣು, ಕ್ಯಾರೆಟ್ಟಿನ ಸೀಳು ಬಾಯಿ, ಕರಿಬೇವು ಮೀಸೆ. ಚಪಾತಿಗೆ ಬೆಲ್ಲ ತುಪ್ಪ ಸವರಿ, ಸುತ್ತಿ, ತುಂಡು ಮಾಡಿ ಸಾಲಾಗಿಟ್ಟರೆ ರೈಲು. ಎಲ್ಲ ಹತ್ತು ನಿಮಿಷದ ಕೆಲಸ. ಕತ್ತರಿಸಿ ಉಳಿದ ದೋಸೆಯ ಅಂಚುಗಳನ್ನು ನನ್ನ ಮುಚ್ಚಳದಲ್ಲಿ ಹಾಕಿಕೊಂಡು, ಒಲೆಯ ಮುಂದೆ ನಿಂತೇ ತಿಂದುಬಿಡುವಳು. ಅವಳ ತಿಂಡಿ ಅಷ್ಟೇ.

"ಒಳಗಿರೋರು ಮಲಗಿರ್ತಾರೆ ಕಣೋ. ಬಾಗಿಲು ತಟ್ದೆ ತೆಗೀಬೇಡ," ಎಂದು ದಿನಾ ಹೇಳಿ ಕಳಿಸುವಳು. ನಂದೀಶ ಮಧ್ಯಾಹ್ನ ಬೆರಳ ಗಂಟಿನಿಂದ ಎರಡು ಸಲ ತಟ್ಟಿಯೇ ಮುಚ್ಚಳ ತೆಗೆಯುತ್ತಿದ್ದ. ಟಕ್, ಟಕ್. ಆಮೇಲೆ ಒಂದು ನಗು. ಆ ನಗುವಿಗೆ ನಾನು ಬೆಳಗಿನಿಂದ ಕಾಯುತ್ತಿದ್ದೆ.

ಮೂರನೇ ಕ್ಲಾಸಿನಲ್ಲಿ ಒಂದು ದಿನ ನಂದೀಶ ದೋಸೆಯ ಮುಖವನ್ನು ಅರ್ಧ ತಿಂದು ಮುಚ್ಚಿಟ್ಟ. ಮೈ ಸುಡುತ್ತಿತ್ತು. ಸಂಜೆಗೆ ಆಸ್ಪತ್ರೆ. ಐದನೇ ದಿನ ನಂದೀಶ ಇರಲಿಲ್ಲ. ನನ್ನೊಳಗೆ ಆ ಅರ್ಧ ಮುಖ ಹಾಗೇ ಇತ್ತು, ಒಂದೇ ಕಣ್ಣಿಟ್ಟುಕೊಂಡು. ತಿಥಿ ಮುಗಿಯುವವರೆಗೂ ನನ್ನನ್ನು ಯಾರೂ ತೊಳೆಯಲಿಲ್ಲ. ಆ ಕತ್ತಲೆಯಲ್ಲಿ ಅದೂ ನಾನೂ ಟಕ್ ಟಕ್ ಕೇಳೀತೇ ಎಂದು ಕಾದೆವು.

ಆ ವರ್ಷ ಹಿರಿಯರ ಹಬ್ಬ ಬಂತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಗೆ ಬಡಿಸಿ ಎಡೆ ಇಡಬೇಕು. ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು.

"ಮಗೀಗೂ ಒಂದು ಎಡೆ ಇಡು ಸುಕನ್ಯಾ. ಹಸ್ಕೊಂಡು ತಿರುಗ್ತದೆ," ಎಂದಳು ಅತ್ತೆ ನಿಂಗಮ್ಮಜ್ಜಿ.

"ಅದು ಹಿರೀಕರಿಗಿಡೋ ಎಡೆ. ನನ್ ಮಗಂಗೆ ಎಂಟು ವರ್ಷ. ಅವನು ಹೆಂಗತ್ತೆ ಹಿರಿಯ ಆಗ್ತಾನೆ?"

ನಂದೀಶನಿಗೆ ಎಡೆ ಬೀಳಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ.

ಅಣ್ಣ ಹೋದಾಗ ಹೇಮಾಗೆ ಎರಡು ವರ್ಷ. ಅವಳು ಶಾಲೆಗೆ ಸೇರಿದ ದಿನ ಸುಕನ್ಯ ನನ್ನನ್ನು ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿದಳು. ನನಗೆ ಮತ್ತೆ ಜೀವ ಬಂದ ಹಾಗಾಯಿತು. ಮಗಳಿಗೆ ಏನು ಇಷ್ಟ ಎಂದು ಅವಳು ಕೇಳಲಿಲ್ಲ. ಕೈ ತಾನಾಗಿ ಹಳೆಯ ದಾರಿ ಹಿಡಿಯಿತು. ಬಟ್ಟಲು ಒತ್ತಿತು, ಮೆಣಸಿನ ಕಾಳಿಟ್ಟಿತು, ಮೀಸೆ ಬರೆಯಿತು. ಹೆಣ್ಣು ಮಗುವಿನ ಡಬ್ಬಿಗೆ ಮೀಸೆ ಯಾಕೆ ತಾಯಿ ಎಂದು ಕೇಳಲು ನನಗೆ ಬಾಯಿಯಿಲ್ಲ.

"ಏ, ನಂದೀಶ ಬಂದ್ಳು ನೋಡ್ರೋ," ಎಂದು ಮುಚ್ಚಳ ಓದಿ ಹುಡುಗರು ಕುಣಿದರು. ಹೇಮಾ ಅಳಲಿಲ್ಲ. ನನ್ನನ್ನು ಲಂಗದಲ್ಲಿ ಮುಚ್ಚಿಕೊಂಡು ಶಾಲೆಯ ಹಿಂದಿನ ಹೊಂಗೆ ಮರದ ಕಡೆ ನಡೆದಳು. ಅಂದಿನಿಂದ ಅದೇ ಅವಳ ಜಾಗವಾಯಿತು.

ಸಂಜೆ ನಾನು ದಿನಾ ಖಾಲಿಯಾಗಿ, ನಲ್ಲಿಯಲ್ಲಿ ತೊಳೆಸಿಕೊಂಡು ಮನೆಗೆ ಬರುತ್ತಿದ್ದೆ. "ಅಣ್ಣನಂಗಲ್ಲ ನನ್ ಮಗಳು, ಒಂದ್ ಚೂರೂ ಬಿಡಲ್ಲ," ಎಂದು ಸುಕನ್ಯ ಹಿಗ್ಗುತ್ತಿದ್ದಳು. ಮಗು ಮಾತ್ರ ಕಡ್ಡಿಯಾಗುತ್ತ ಹೋಯಿತು. ಯಾಕೆಂದು ಗೊತ್ತಿದ್ದದ್ದು ನನಗೊಬ್ಬನಿಗೇ. ಗೊತ್ತಿದ್ದೂ ಹೇಳಲಾಗದ ಸಂಕಟ ಶತ್ರುವಿಗೂ ಬೇಡ.

ಮೂರನೇ ಕ್ಲಾಸಿನಲ್ಲಿ ಹೇಮಾ ಬೆಳಗಿನ ಪ್ರಾರ್ಥನೆಯಲ್ಲಿ ತಲೆ ತಿರುಗಿ ಬಿದ್ದಳು. ಅವಳಿಗೂ ಆಗ ಎಂಟು. ಮುಖಕ್ಕೆ ನೀರು ಚಿಮುಕಿಸಿ, ಹಾಲು ಕುಡಿಸಿ ಕೂರಿಸಿದ ಮಿಸ್ಸು ಮನೆಗೆ ಹೇಳಿ ಕಳಿಸಿದರು. ಸುಕನ್ಯ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಊಟದ ಗಂಟೆ ಹೊಡೆದಿತ್ತು. ಮಗಳು ಕ್ಲಾಸಿನಲ್ಲಿರಲಿಲ್ಲ. ಹುಡುಗರು ಹೊಂಗೆ ಮರ ತೋರಿಸಿದರು.

ಮರದ ಬುಡದಲ್ಲಿ ಹೊಂಗೆ ಎಲೆಗಳನ್ನು ಹಾಸಿ, ಹೇಮಾ ಅಂದಿನ ಮುಖವನ್ನು ಅದರ ಮೇಲೆ ಮಲಗಿಸಿದ್ದಳು. ಪಕ್ಕದಲ್ಲಿ ಒಂದು ಮುಚ್ಚಳ ನೀರು. ಸುತ್ತ ಹಳೆಯ ಮೆಣಸಿನ ಕಾಳುಗಳು ಮಣ್ಣಿನಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿದ್ದವು. ಮಗು ಮರಕ್ಕೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತಿತ್ತು.

"ಏನೇ ಇದು, ಹೇಮಾ?"

"ಶ್! ಅಣ್ಣ ಉಣ್ತಾವ್ನೆ."

ಸುಕನ್ಯ ಅಲ್ಲೇ ಕುಕ್ಕರಿಸಿದಳು.

"ಮನೇಲಿ ಯಾರೂ ಅವನಿಗೆ ಎಡೆ ಇಡಲ್ಲಂತೆ. ಹಸ್ಕೊಂಡಿರ್ತಾನೆ ಅಂತ ಅಜ್ಜಿ ಹೇಳ್ತು. ಇದು ಅವನ ಡಬ್ಬಿ, ಹೆಸರೈತಲ್ಲಮ್ಮ. ನೀನು ಮಾಡೋದೂ ಅವನ ಊಟಾನೆ. ನಾನು ತಿಂದ್ರೆ ಅವನು ಏನು ತಿನ್ತಾನೆ?"

ಸುಕನ್ಯ ಮಗಳನ್ನು ತಬ್ಬಿ ಗೋಳೋ ಎಂದು ಅತ್ತಳು. ಆರು ವರ್ಷದ ಅಳು ಅದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲ ಸಲ ಕೇಳಿದಳು: "ನಿನಗೇನು ಇಷ್ಟ ಕಂದಾ?"

ಹೇಮಾ ಎಲೆಯ ಮೇಲಿನ ಮುಖ ನೋಡಿದಳು.

"ಮೊಸರನ್ನ. ಮುಖ ಬೇಡ."

ಮರುದಿನವೇ ಹೇಮಾಗೆ ಹೊಸ ಡಬ್ಬಿ ಬಂತು, ಅವಳ ಹೆಸರು ಹಾಕಿಸಿದ್ದು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳು. ಆದರೆ ಆ ವರ್ಷದ ಹಿರಿಯರ ಹಬ್ಬಕ್ಕೆ ಸುಕನ್ಯ ನನ್ನನ್ನು ಉಜ್ಜಿ, ದೋಸೆಯ ಮುಖ ಮಾಡಿಟ್ಟು, ಎಲೆಯ ತುದಿಯಲ್ಲಿ ಕೂರಿಸಿದಳು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಅವಳೇ ತಟ್ಟಿದಳು. ಟಕ್, ಟಕ್. ಅಷ್ಟು ವರ್ಷ ಕಾದಿದ್ದ ಸದ್ದು ಅದು.

ಈಗ ನಾನು ತಿಪಟೂರಿನಲ್ಲಿ, ಹೇಮಾಳ ಮನೆಯ ಅಟ್ಟದ ಮೇಲಿದ್ದೇನೆ. ಒಂದು ಕ್ಲಿಪ್ಪು ಹೋಗಿದೆ, ಹೆಸರು ಸವೆದಿದೆ. ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಯುತ್ತೇನೆ.

ಕಳೆದ ಮಾಘದಲ್ಲಿ ಸುಕನ್ಯ ಹೋದಳು. ಈ ಸಲದ ಹಬ್ಬಕ್ಕೆ ಅವಳಿಗೂ ಎಡೆ ಬೇಕು. ಹೇಮಾ ಒಲೆಯ ಮುಂದೆ ಬಂದು ನಿಂತಳು.

"ಅಮ್ಮಂಗೆ ಏನಿಷ್ಟ ಇತ್ತು?" ಎಂದು ತನ್ನನ್ನೇ ಕೇಳಿಕೊಂಡಳು. "ಅಯ್ಯೋ ದೇವ್ರೇ, ನಾನು ಒಂದ್ ದಿನಾನೂ ಕೇಳ್ಲಿಲ್ವಲ್ಲ."

ನನಗೆ ಗೊತ್ತಿತ್ತು. ಬಾಯಿ ಎಲ್ಲಿಂದ ತರಲಿ?

ಅವಳು ಅಣ್ಣನಿಗೆಂದು ದೋಸೆ ಹುಯ್ದಳು. ಬಟ್ಟಲು ಕವುಚಿ ಒತ್ತಿ ಮುಖವನ್ನು ನನ್ನೊಳಗಿಟ್ಟಳು. ಉಳಿದ ಅಂಚುಗಳನ್ನು ಮುಚ್ಚಳದಲ್ಲಿ ಹಾಕಿ, ಒಂದನ್ನು ಬಾಯಿಯ ಹತ್ತಿರ ತಂದಳು. ಅಲ್ಲೇ ಕೈ ನಿಂತಿತು. ಮುಚ್ಚಳವನ್ನೇ ನೋಡಿದಳು. ಅಮ್ಮ ದಿನಾ ಒಲೆಯ ಮುಂದೆ ನಿಂತೇ ತಿನ್ನುತ್ತಿದ್ದದ್ದು ಇದನ್ನೇ ಎಂದು ನೆನಪಾಗಿ ಕಣ್ಣು ತುಂಬಿ ಬಂತು.

ಆ ಚೂರನ್ನು ವಾಪಸ್ ಇಟ್ಟು, ಅಂಚುಗಳಿಗೆಲ್ಲ ತುಪ್ಪ ಹಾಕಿ, ಮುಚ್ಚಳವನ್ನು ನನ್ನ ಪಕ್ಕದಲ್ಲೇ ಎಲೆಯ ಮೇಲಿಟ್ಟಳು. ಬಾಗಿಲು ಮುಚ್ಚಿ ಹೊರಗೆ ಹೋಗಿ ನಿಂತಳು. ಸಾಮಾನ್ಯವಾಗಿ ಹತ್ತು ನಿಮಿಷಕ್ಕೆ ತಟ್ಟುವವಳು ಈ ಸಲ ತಟ್ಟಲು ಬಹಳ ಹೊತ್ತು ಬಿಟ್ಟಳು. ಅಮ್ಮ ಕೂತು ಉಣ್ಣಲಿ ಅಂತ.